ಹೊಸ್ತಿಲ ಮಾತು

ಚನ್ನವೀರನೆಂಬ ಶಿಷ್ಯ ಒಂದು ದಿನ ಗುರುಗಳನ್ನು ಕೇಳಿದ: "ಬುದ್ಧಿ ಚುರುಕಾಗಿರುವವನು ಇನ್ನೂ ಯಾವ ವಿದ್ಯೆಯನ್ನು ಬೆಳೆಸಿಕೊಳ್ಳಬೇಕು?"

ಮಠದ ಪಾಠಶಾಲೆಯಲ್ಲಿ ಬೆಳಗಿನಿಂದ ಇದೇ ವಾದ ನಡೆದಿತ್ತು. ನೆನಪಿನ ಶಕ್ತಿ ಎಂದು ಒಬ್ಬ, ತರ್ಕ ಎಂದು ಇನ್ನೊಬ್ಬ, ಸಭೆಯಲ್ಲಿ ಅಂಜದೆ ಮಾತಾಡುವುದು ಎಂದು ಮತ್ತೊಬ್ಬ. ಅವೆಲ್ಲ ತನಗೆ ಆಗಲೇ ಬಂದಿವೆಯಲ್ಲ ಎಂಬುದು ಚನ್ನವೀರನ ಚಿಂತೆ. ಅದು ಜಂಬವೇನಲ್ಲ, ನಿಜವೇ ಆಗಿತ್ತು. ಗುರುಗಳು ಶ್ಲೋಕದ ಮೊದಲ ಪದ ಎತ್ತಿದರೆ ಅವನು ಕೊನೆಯ ಪದ ಹೇಳಿ ಮುಗಿಸಿರುತ್ತಿದ್ದ.

ಗುರುಗಳಿಗೆ ನಗು ಬಂತು. ಒಳ್ಳೆಯ ಪ್ರಶ್ನೆ ಮಾರಾಯ, ಕೂತುಕೋ, ಒಂದು ಕತೆ ಇದೆ, ಪೂರ್ತಿ ಕೇಳು ಎಂದು ಶುರುಮಾಡಿದರು.

ಒಂದೂರಲ್ಲಿ ಒಬ್ಬ ಮುದಿ ವೈದ್ಯ. ಅವನಿಗೊಬ್ಬ ಶಿಷ್ಯ, ಮಹಾ ಬುದ್ಧಿವಂತ. ನಿನ್ನ ಹಾಗೇ ಅಂತ ಇಟ್ಟುಕೋ. ರೋಗಿ ಅಂಗಳಕ್ಕೆ ಕಾಲಿಡುವುದನ್ನು ನೋಡಿಯೇ ಇದು ಮಂಡಿನೋವು, ಇದು ಪಿತ್ತ ಅನ್ನುತ್ತಿದ್ದ. ತಪ್ಪುತ್ತಲೇ ಇರಲಿಲ್ಲ. ಜನ ಬೆರಗಾಗುತ್ತಿದ್ದರು. ಮುದುಕನಿಗೂ ಒಳಗೊಳಗೇ ಹೆಮ್ಮೆ, ಸುಳ್ಳೇಕೆ ಹೇಳಲಿ. ರೋಗಿಗಳನ್ನು ಅವನಿಗೇ ಬಿಟ್ಟು ತಾನು ಜಗಲಿಯಲ್ಲಿ ಕೂತು ಬೇರು ಕುಟ್ಟುತ್ತಿದ್ದ.

ಒಂದು ದಿನ ಕುಂಬಾರರ ಮನೆಯ ಹೊಸ ಸೊಸೆ ಬಂದಳು. ಸುಸ್ತು ಎಂದು ಬಾಯಿ ತೆರೆಯುವಷ್ಟರಲ್ಲಿ ಶಿಷ್ಯ ಅವಳ ಕಣ್ಣು, ಉಗುರು ನೋಡಿಯಾಗಿತ್ತು. ಹೊಟ್ಟೆಯಲ್ಲಿ ಹುಳು, ಮಣ್ಣು ತಿನ್ನಬೇಕು ಅನಿಸುತ್ತದೆ ಅಲ್ಲವೇ ಎಂದ. ಅವಳು ಬೆಚ್ಚಿ ಹೌದೆಂದಳು. ಮತ್ತೇನೋ ಹೇಳಹೊರಟಳು. ಅಷ್ಟರಲ್ಲಿ ಪೊಟ್ಟಣ ಅವಳ ಕೈಯಲ್ಲಿತ್ತು. ನಾಳೆ ಬೆಳಿಗ್ಗೆ ಬರಿಹೊಟ್ಟೆಗೆ ತೆಗೆದುಕೊಳ್ಳಿ, ಹೋಗಿಬನ್ನಿ ಎಂದುಬಿಟ್ಟ.

ಚನ್ನವೀರ ತಡೆಯಲಾರದೆ, ಅವನು ರೋಗ ತಪ್ಪು ಹೇಳಿದ್ದನೇ ಎಂದು ಕೇಳಿದ.

ಇಲ್ಲಪ್ಪ, ಹುಳು ಇದ್ದದ್ದು ನಿಜ, ಹುಳುವಿಗೆ ಆ ಔಷಧವೂ ಸರಿಯೇ, ತಾಳು ಎಂದು ಗುರುಗಳು ಮುಂದುವರಿಸಿದರು.

ಅವಳು ಹೊಸ್ತಿಲ ತನಕ ಬಂದು ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಹಿಂದಕ್ಕೆ ನೋಡಿದಳು. ಒಳಗೆ ಅವನು ಆಗಲೇ ಇನ್ನೊಬ್ಬರ ರೋಗ ಹೇಳುತ್ತಿದ್ದ. ಜನ ಅಸಲು ಮಾತು ಆಡುವುದು ಹೊರಡುವಾಗಲೇ ಎಂದು ಮುದುಕನಿಗೆ ಗೊತ್ತು. ಕುಟ್ಟುವುದನ್ನು ನಿಲ್ಲಿಸಿ, "ಇನ್ನೇನಾದರೂ ಇತ್ತೇನಮ್ಮ?" ಎಂದ. ಆಮೇಲೆ ಸುಮ್ಮನೆ ಕಾದ. ಬಹಳ ಹೊತ್ತಿನ ಮೇಲೆ ಅವಳು ತಲೆ ತಗ್ಗಿಸಿ, ಮುಟ್ಟು ನಿಂತು ಎರಡು ತಿಂಗಳಾಯಿತು, ಅತ್ತೆಗೂ ಇನ್ನೂ ಹೇಳಿಲ್ಲ ಎಂದಳು.

ಮುದುಕ ಥಟ್ಟನೆ ಎದ್ದು ಬಂದ. ಅದು ಬಸುರಿ ತಿನ್ನುವ ಪುಡಿಯಲ್ಲ. ತಿಂದರೆ ಹೊಟ್ಟೆಯಲ್ಲಿ ಕೂಸು ನಿಲ್ಲುವುದಿಲ್ಲ. ಪೊಟ್ಟಣ ವಾಪಸು ತೆಗೆದುಕೊಂಡು, ಹೆರಿಗೆಯಾಗುವ ತನಕ ಇಂಥದ್ದೇನೂ ಬೇಡ ತಾಯಿ ಎಂದು ಹೇಳಿ ಕಳಿಸಿದ.

ಸಂಜೆ ಶಿಷ್ಯನಿಗೆ ವಿಷಯ ತಿಳಿಯಿತು. ಅವನೇನು ಕೆಟ್ಟವನಲ್ಲ. ಒಂದು ಕೂಸು ತನ್ನ ಕೈಯಲ್ಲಿ ಹೋಗುವುದಿತ್ತಲ್ಲ ಎಂದು ಊಟ ಬಿಟ್ಟು ಅತ್ತ. ಮುದುಕನ ಮುಂದೆ ಬಂದು ಕೂತು, ನನಗೆ ಎಲ್ಲ ಬರುತ್ತದೆ ಅಂದುಕೊಂಡಿದ್ದೆ, ಬಾರದಿರುವುದು ಯಾವುದು ನೀವೇ ಹೇಳಿ ಎಂದು ಕೇಳಿಕೊಂಡ. ಮುದುಕ ಅವನ ಬೆನ್ನ ಮೇಲೆ ಕೈಯಿಟ್ಟು...

"ಗೊತ್ತಾಯಿತು ಗುರುಗಳೇ," ಎಂದ ಚನ್ನವೀರ. ಅವನ ಮುಖ ಅರಳಿತ್ತು. "ಎದುರಿನವರ ಮಾತು ಮುಗಿಯುವ ತನಕ ಕೇಳಿಸಿಕೊಳ್ಳುವ ವಿದ್ಯೆ."

ಗುರುಗಳು ತಲೆದೂಗಿದರು.

"ಸರಿಯಾಗಿಯೇ ಹೇಳಿದೆ, ಮುದುಕ ಏನಂದ ಅಂತ ಮಾತ್ರ ನಾನಿನ್ನೂ ಹೇಳಿರಲಿಲ್ಲ."