ಬಾಳವ್ವನ ಕಬ್ಬಿನ ಸಾಲಿನಲ್ಲಿ ಶಿವಯೋಗಿಗಳು

ಘಟಪ್ರಭೆಯ ದಂಡೆಯ ಕಣವಿಹಾಳ ಮಠದ ಪೂಜ್ಯ ಶ್ರೀ ಬಯಲಲಿಂಗ ಶಿವಯೋಗಿಗಳು ಅಂದು ದನದ ಕೊಟ್ಟಿಗೆಯ ಮುಂದೆ ಕುಳಿತು ಮೇವಿಗೆ ಜೋಳದ ಕಣಿಕೆ ಕತ್ತರಿಸುತ್ತಿದ್ದರು. ಬಾಳವ್ವ ಬಂದವಳು ನಮಸ್ಕರಿಸಲಿಲ್ಲ. ನಮಸ್ಕರಿಸುವ ಮನಸ್ಸು ಅವಳಲ್ಲಿ ಉಳಿದಿರಲಿಲ್ಲ.

ಕಬ್ಬು ನಾಟಿದ ಮರುವಾರವೇ ಅವಳ ಗಂಡ ತೀರಿಕೊಂಡಿದ್ದ. ಗಂಡ ಸತ್ತವಳು ವರ್ಷಾಂತಿಕಕ್ಕೆ ಮುನ್ನ ಎಳೆಗಬ್ಬಿನ ಸಾಲು ತುಳಿದರೆ ಸುಳಿ ಸುಟ್ಟುಹೋಗುತ್ತದೆಂಬುದು ಊರಿನ ಕಟ್ಟಳೆ. ಗಂಡನ ಅಣ್ಣ, ಭಾವ ರಾಯಗೌಡ, ಆಳುಗಳನ್ನೂ ಹೊಲಕ್ಕಿಳಿಯದಂತೆ ತಡೆದಿದ್ದ. ಎಲೆಗಳು ಕೂಡಿ ನೆಲಕ್ಕೆ ನೆರಳಾದ ಮೇಲೆ ಕಬ್ಬು ಯಾವ ಕಳೆ-ಕಸಕ್ಕೂ ಅಂಜದು. ಆದರೆ ಆ ಸಸಿಗಳು ಇನ್ನೂ ಮೊಣಕಾಲೆತ್ತರ ಏರಿರಲಿಲ್ಲ. ಕರಿಕೆಯೂ ಜೇಕೂ ಅವುಗಳ ನೀರನ್ನು ಕುಡಿದು, ಗೊಬ್ಬರ ತಿಂದು, ಬೆಳಕನ್ನೂ ಕಸಿಯುತ್ತಿದ್ದವು. ಈ ಬೆಳೆ ಕೆಟ್ಟರೆ ಹೊಲ ತನ್ನ ಸಾಗುವಳಿಗೆ ಬರಬೇಕೆಂದು ರಾಯಗೌಡ ಊರ ಹಿರಿಯರಿಂದ ಆಗಲೇ ಮಾತು ಪಡೆದಿದ್ದ.

"ಅಜ್ಜಾರ, ಶರಣರಿಗೆ ಸೂತಕ ಇಲ್ಲಂತ ದಿನಾ ಪುರಾಣ ಹೇಳ್ತೀರಿ. ಆ ಮಾತು ಮಠದ ಬಾಗಿಲಾ ದಾಟಿ ನನ್ನ ಹೊಲದತನಕ ಬರೂದಿಲ್ಲೇನು?"

ಶಿವಯೋಗಿಗಳು ಕುಡುಗೋಲು ಕೆಳಗಿಟ್ಟರು. ಎದ್ದು ಅವಳ ಹೊಲದ ದಾರಿ ಹಿಡಿದರು. ಬಾಳವ್ವ ಹಿಂದೆ ನಡೆದಳು.

ಬದುವಿನ ಮೇಲೆ ರಾಯಗೌಡ ಅಡ್ಡ ನಿಂತಿದ್ದ. ಅವನ ಹಿಂದೆ ಆಳುಗಳು. "ನೀವು ಬರ್ರಿ ಅಜ್ಜಾರ, ನಿಮ್ಮ ಪಾದ ಬಿದ್ದರ ನಮ್ಮ ಪುಣ್ಯ. ಆಕಿ ಮಾತ್ರ ಬ್ಯಾಡ. ಸುಳಿ ಸುಡತಾವು."

ಶಿವಯೋಗಿಗಳು ಸಾಲನ್ನೊಮ್ಮೆ ದಿಟ್ಟಿಸಿ ನುಡಿದರು: "ಆಕಿ ಕಾಲಿಗೆ ಸುಡೂ ಶಕ್ತಿ ಇದ್ದರ, ಮೊದಲ ಈ ಕಸಾ ಸುಡಲಿ."

ಆಳುಗಳಲ್ಲೊಬ್ಬಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ರಾಯಗೌಡನ ಮುಖ ಕಪ್ಪಿಟ್ಟಿತು.

ಆದರೆ ಬಾಳವ್ವನ ಕಾಲು ಏಳಲಿಲ್ಲ. ಮಠಾಧೀಶರನ್ನೇ ಕೆಣಕಿ ಬಂದವಳು ಬದುವಿನ ಅಂಚಿನಲ್ಲಿ ನಿಂತು ಎಳೆಸುಳಿಗಳನ್ನೇ ನೋಡಿದಳು. ನಿಜವಾಗಿಯೂ ಸುಟ್ಟರೆ? ಗಂಡ ತನ್ನ ಕೈಯಾರೆ ಊರಿದ ಬೀಜವದು. ಕಟ್ಟಳೆ ರಾಯಗೌಡನ ಬಾಯಲ್ಲಷ್ಟೇ ಇರಲಿಲ್ಲ, ಅವಳ ನೆತ್ತರಿನಲ್ಲೂ ಇತ್ತು.

ಶಿವಯೋಗಿಗಳು ಅವಳನ್ನು ಕರೆಯಲಿಲ್ಲ, ವಿಭೂತಿ ಹಚ್ಚಲಿಲ್ಲ, ಅಭಯವನ್ನೂ ಕೊಡಲಿಲ್ಲ. ಕಾವಿಯನ್ನು ಮೊಣಕಾಲಿಗೆ ಸಿಕ್ಕಿಸಿ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕರಿಕೆ ಕೀಳತೊಡಗಿದರು. ಬೇರು ಹರಿಯುವ ಸದ್ದು ಬದುವಿನವರೆಗೂ ಕೇಳುತ್ತಿತ್ತು. ತಲೆ ಎತ್ತದೆಯೇ ಅಂದರು:

"ತಾಯಿ, ಕಸಾ ಕೀಳಾಕ ನಾ ಬಂದೇನಿ. ನಿನ್ನ ಅಂಜಿಕಿ ಕೀಳೂದು ನನ್ನ ಕೈಯಾಗಿಲ್ಲ."

ಬಾಳವ್ವ ಕಣ್ಣು ಮುಚ್ಚಿ ಕಾಲಿಟ್ಟಳು. ಮಣ್ಣು ತಣ್ಣಗಿತ್ತು. ಕಣ್ಣು ತೆರೆದಳು. ಸುಳಿಗಳು ಗಾಳಿಗೆ ಎಂದಿನಂತೆಯೇ ತೂಗುತ್ತಿದ್ದವು. ಅವಳು ಕುಳಿತಳು, ಎರಡೂ ಕೈಗಳಿಂದ ಜೇಕಿನ ಬುಡ ಹಿಡಿದಳು, ಗಡ್ಡೆಸಹಿತ ಕಿತ್ತಳು. ನಕ್ಕಿದ್ದ ಆಳು ಹೆಣ್ಣು ಸೀರೆ ಕಚ್ಚೆ ಕಟ್ಟಿ ಪಕ್ಕದ ಸಾಲಿಗಿಳಿದಳು. ಅವಳ ಹಿಂದೆ ಉಳಿದವರೂ ಇಳಿದರು.

ಬದುವಿನ ಮೇಲೆ ರಾಯಗೌಡನೊಬ್ಬನೇ ಉಳಿದ. ಮದುವೆಯಾಗಿ ಬಂದಂದಿನಿಂದ ಭಾವನ ಎದುರು ಮುಖದ ಮೇಲಿನ ಸೆರಗು ಸರಿಸದಿದ್ದ ಬಾಳವ್ವ, ಈಗ ಅದನ್ನು ಹಿಂದಕ್ಕೆ ತಳ್ಳಿ, ಕಸದ ಹೊರೆಯನ್ನು ಎದೆಗೆ ಅವುಚಿಕೊಂಡು ನೆಟ್ಟಗೆ ಅವನ ಮುಂದೆ ಬಂದು ನಿಂತಳು.

"ಭಾವಾರ, ಬದು ಬಿಡ್ರಿ. ಈ ಕಸಾ ಒಗಿಯಾಕ ಜಾಗಾ ಬೇಕು."