ಮಾಲೀಕರ ಹೆಸರಿನ ಉತ್ತರ

ದಾವಣಗೆರೆಯಲ್ಲಿ ಆಸ್ಪತ್ರೆಯೊಂದರ ಎದುರು ಗುರುಸಿದ್ದಪ್ಪನವರ ಲಾಡ್ಜ್ ಇತ್ತು. ಒಂದು ಬೆಳಿಗ್ಗೆ ಅವರು ಮೊಬೈಲ್ ಹಿಡಿದುಕೊಂಡೇ ಕೌಂಟರಿನ ಗುಮಾಸ್ತೆಯ ಮೇಲೆ ಹರಿಹಾಯ್ದರು.

"ನೆಟ್‌ನಲ್ಲಿ ಯಾರೋ ಕೊಟ್ಟಿರೋ ಈ ಒಂದು ಸ್ಟಾರ್ ನೋಡಿ ಯಾರೂ ರೂಮ್ ಬುಕ್ ಮಾಡ್ತಿಲ್ಲ. ಇದಕ್ಕೆ ಉತ್ತರ ಬರಿ. ನಮ್ಮ ಮರ್ಯಾದೆ ಉಳೀಬೇಕು!"

ಸ್ಟಾರ್ ಕೊಟ್ಟವರು ಕೊಟ್ರಯ್ಯ ಎಂಬ ಮೇಷ್ಟ್ರು. "ರಾತ್ರಿ ಕಾಯಿಲೆಯ ಹೆಂಡತಿ ಒಂದು ಲೋಟ ಗಂಜಿ ಕೇಳಿದಳು. ಅಡುಗೆಮನೆ ಮುಚ್ಚಿದೆ ಎಂದರು. ಮರುದಿನ ಆಸ್ಪತ್ರೆಗೆ ಹೋದವಳು ಜೀವಂತ ವಾಪಸ್ ಬರಲಿಲ್ಲ" ಎಂದು ಬರೆದಿದ್ದರು.

ಅಂದು ಇಲ್ಲವೆಂದವಳು ಈ ಗುಮಾಸ್ತೆಯೇ. ಮಾಲೀಕರ ಕಟ್ಟಪ್ಪಣೆ ಹಾಗಿತ್ತು. ಅವಳು ಕಣ್ಣೊರೆಸಿಕೊಂಡು ಟೈಪ್ ಮಾಡಿದಳು: "ತಪ್ಪಾಯಿತು, ಕ್ಷಮಿಸಿ. ಇನ್ನು ನಮ್ಮಲ್ಲಿ ರೋಗಿಗಳಿಗೆ ಯಾವ ಹೊತ್ತಿನಲ್ಲೂ ಗಂಜಿ ಉಚಿತ. ಇಂತಿ, ಮಾಲೀಕ ಗುರುಸಿದ್ದಪ್ಪ."

ಎರಡು ದಿನದ ಮೇಲೆ ಅದನ್ನು ಓದಿ ಗುರುಸಿದ್ದಪ್ಪ ಕೆಂಡವಾದರು. "ಯಾರನ್ನ ಕೇಳಿ ಬರೆದೆ? ಈಗಲೇ ಅಳಿಸು!"

"ಅಳಿಸ್ತೀನಿ ಸಾರ್. ಆದ್ರೆ ಅದನ್ನ ಓದಿ ಒಂಬತ್ತು ರೂಮ್ ಬುಕ್ ಆಗಿವೆ. ಗಂಜಿ ಇಲ್ಲ ಅಂತ ಅವರಿಗೆ ನೀವೇ ಹೇಳ್ಬಿಡಿ. ಮೊದಲನೆಯವರು ಬಂದ್ರು, ನೋಡಿ."

ಬೋಳುತಲೆಗೆ ಬಟ್ಟೆ ಕಟ್ಟಿದ್ದ ಮಗಳನ್ನು ಆನಿಸಿಕೊಂಡು ಒಬ್ಬ ಮುದುಕಿ ಬಾಗಿಲಲ್ಲಿ ನಿಂತಿದ್ದಳು. "ಗುರುಸಿದ್ದಪ್ಪ ಅಂದ್ರೆ ನೀವೇನಾ ಅಪ್ಪಾ? ನಿಮ್ಮ ಮಾತು ನಂಬ್ಕೊಂಡು ಬಂದ್ವಿ."

ಗುರುಸಿದ್ದಪ್ಪ ಆ ಮಗಳತ್ತ ನೋಡಿ ಮೆಲ್ಲಗೆ ಕೇಳಿದರು: "ಗಂಜಿಗೆ ಉಪ್ಪು ಹಾಕಬಹುದಾ, ತಾಯಿ?"