ಪರಸುವಿನ ಪುಟ

ಹೊಳೆಯ ದಂಡೆಯಲ್ಲಿ ಹಾಲಪ್ಪ ಮೇಷ್ಟ್ರ ಮನೆ. ಅಲ್ಲಿ ಅವರು ಅಕ್ಷರ, ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಅಂಗಡಿ ಬೋರ್ಡು, ಮದುವೆ ಪತ್ರಿಕೆ, ಮಾಸಪತ್ರಿಕೆಯ ಜಾಹೀರಾತು, ಯಾವುದಾದರೂ ಸರಿ.

ಕಲಿಯಲು ಬಂದವರು ಅಲ್ಲೇ ಉಳಿಯುತ್ತಿದ್ದರು, ಅಲ್ಲೇ ಉಣ್ಣುತ್ತಿದ್ದರು. ಹೆಚ್ಚಿನವರು ಮೂರೇ ತಿಂಗಳಲ್ಲಿ, ಇದಕ್ಕೆಲ್ಲ ಕಂಪ್ಯೂಟರ್ ಇದೆಯಲ್ಲ ಎಂದು ಹೊರಟುಬಿಡುತ್ತಿದ್ದರು. ಐದು ವರ್ಷ ಉಳಿದವನು ಕೊಟ್ರೇಶಿ ಒಬ್ಬನೇ.

ಮೇಷ್ಟ್ರದ್ದು ಒಂದೇ ಕಟ್ಟುನಿಟ್ಟು. ಯಾವುದರ ಜಾಹೀರಾತೋ ಅದನ್ನು ಮೊದಲು ಬಳಸಿ ನೋಡಬೇಕು, ಆಮೇಲೆ ಪೆನ್ಸಿಲ್ ಮುಟ್ಟಬೇಕು. ತಲೆಗೆ ಹಚ್ಚುವ ಎಣ್ಣೆಯ ಕೆಲಸ ಬಂದರೆ ಶಿಷ್ಯರೆಲ್ಲ ವಾರವಿಡೀ ಎಣ್ಣೆ ಸುರಿಸಿಕೊಂಡು ಓಡಾಡಬೇಕು. ದನದ ಹಿಂಡಿಯ ಕೆಲಸ ಬಂದಾಗ ಮೇಷ್ಟ್ರು ಹಿಂಡಿಯನ್ನೂ ಬಾಯಿಗೆ ಹಾಕಿಕೊಂಡಿದ್ದರಂತೆ. ಯಾರಾದರೂ ಆ ಮಾತು ಎತ್ತಿದರೆ, "ಉಪ್ಪು ಸ್ವಲ್ಪ ಕಮ್ಮಿ ಇತ್ತು" ಅನ್ನುತ್ತಿದ್ದರು.

ಹಾಡಿನ ಜಾಹೀರಾತಾದರೆ ಹಾಡನ್ನು ಮೂರು ಸಲ ಕೇಳಬೇಕು.

ಆ ಸಲ ಬಂದದ್ದು ಹಾಡಿನ ಕೆಲಸವೇ. ಹೊಳೆಸಾಲು ಎಂಬ ನಾಲ್ವರ ತಂಡ ತನ್ನ ಮೊದಲ ಆಲ್ಬಂ ಹೊರತರುತ್ತಿತ್ತು. ಏಳು ಹಾಡು. ಆಲ್ಬಂನ ಹೆಸರು ಇಳಿಹೊತ್ತು. ಒಂದು ಮಾಸಪತ್ರಿಕೆಯಲ್ಲಿ ಪೂರ್ತಿ ಪುಟ ಸಿಕ್ಕಿತ್ತು. ಶುಕ್ರವಾರ ಬೆಳಗಿನ ಬಸ್ಸಿಗೆ ಪುಟ ಪ್ರೆಸ್ಸಿಗೆ ಹೋಗಬೇಕಿತ್ತು.

ಆದರೆ ಹಾಡಿದ ಪರಸು ಇರಲಿಲ್ಲ. ರೆಕಾರ್ಡಿಂಗ್ ಮುಗಿದ ಹದಿನೈದು ದಿನಕ್ಕೆ ಅವನಿಗೆ ಕಾಮಾಲೆಯಾಯಿತು. ಇಪ್ಪತ್ತೇಳು ವರ್ಷದವನು. ತನ್ನ ಕಾಲ ಮೇಲೆ ತಾನೇ ನಡೆದು ಆಸ್ಪತ್ರೆಗೆ ಹೋದ, ವಾಪಸ್ಸು ಬರಲಿಲ್ಲ.

ಪರಸು ಮತ್ತು ಕೊಟ್ರೇಶಿ ಒಂದನೇ ಕ್ಲಾಸಿನಿಂದ ಜೊತೆಗಾರರು. ಭಾನುವಾರ ಬಂತೆಂದರೆ ಪರಸು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮೇಷ್ಟ್ರ ಮನೆಗೆ ಬರುತ್ತಿದ್ದ. ಮೇಷ್ಟ್ರಿಗೆ ಖಾರ ಆಗುವುದಿಲ್ಲವೆಂದು ಗೊತ್ತಿದ್ದೂ ಅವರ ಪಾಲಿಗೆ ಎರಡು ಬಜ್ಜಿ ತಂದೇ ತರುತ್ತಿದ್ದ. ಮೇಷ್ಟ್ರು ಬೈಯುತ್ತ ತಿನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಪರಸು ಒಂದೇ ಮಾತು ಹೇಳಿದ್ದ. "ಪೇಪರಿನ ಪುಟ ನೀನೇ ಮಾಡ್ಬೇಕು ಕೊಟ್ರ. ನಾಕು ಜನ ನನ್ ಹಾಡು ಕೇಳ್ಬೇಕು, ಅಷ್ಟೇ."

ಕೊಟ್ರೇಶಿ ಆಗಲಿ ಅಂದಿದ್ದ.

ವಾರ್ಡಿನ ಬಾಗಿಲ ಹೊರಗೆ ಪರಸು ಬಿಟ್ಟ ಚಪ್ಪಲಿ ಹಾಗೇ ಉಳಿದಿತ್ತು. ಎಡಗಾಲಿನ ಪಟ್ಟಿಗೆ ಕೆಂಪು ದಾರದ ಹೊಲಿಗೆ. ಅದನ್ನು ಪರಸುವಿನ ಅವ್ವನ ಕೈಗೆ ಕೊಡಲು ಕೊಟ್ರೇಶಿಗೆ ಧೈರ್ಯವಾಗಲಿಲ್ಲ. ತಂದು ತನ್ನ ಮಂಚದ ಕೆಳಗೆ ಇಟ್ಟುಕೊಂಡ.

ತಂಡದವರು ಹಾಡುಗಳ ಪೆನ್ ಡ್ರೈವ್ ಕೊಟ್ಟುಹೋದ ಮೂರನೇ ದಿನ ಮೇಷ್ಟ್ರು ಕೇಳಿದರು. "ಹಾಡು ಕೇಳಿದ್ಯೇನೋ?"

"ಕೇಳಿದೀನಿ ಮೇಷ್ಟ್ರೇ."

"ಮೂರು ಸಲ?"

"ಮೂರು ಸಲ."

ಸುಳ್ಳು. ಅವನು ಒಂದು ಸಲವೂ ಕೇಳಿರಲಿಲ್ಲ. ಐದು ವರ್ಷದಲ್ಲಿ ಮೇಷ್ಟ್ರಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಮೇಷ್ಟ್ರು ಅವನ ಮುಖ ನೋಡಿದರು. "ಹಂಗಾದ್ರೆ ಬರಿ" ಅಂದರು.

ಕೊಟ್ರೇಶಿ ಎರಡು ದಿನ ಊಟದ ಪರಿವೆಯಿಲ್ಲದೆ ಕೂತು ಬರೆದ. ಪುಟದ ತುಂಬ ಪರಸುವಿನ ಮುಖ. ಸುತ್ತ ದಪ್ಪನೆಯ ಕಪ್ಪು ಪಟ್ಟಿ. ಕೆಳಗೆ ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಅದರ ಕೆಳಗೆ, ನಮ್ಮನ್ನಗಲಿದ ದನಿಯ ಕೊನೆಯ ಕಾಣಿಕೆ. ಎಲ್ಲಕ್ಕಿಂತ ಕೆಳಗೆ, ಸಣ್ಣಗೆ, ತಂಡದ ಹೆಸರು ಮತ್ತು ಆಲ್ಬಂನ ಹೆಸರು.

ಕಣ್ಣುಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದನೆಂದರೆ, ಬರೆದು ಮುಗಿಸಿ ತಾನೇ ಆಚೆ ಎದ್ದುಹೋದ.

ಮೇಷ್ಟ್ರು ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ. ಹಾಳೆಯನ್ನು ಒಂದು ಹಳೇ ಮಾಸಪತ್ರಿಕೆಯ ನಡುವೆ ಅಂಟಿಸಿದರು. "ನಡಿ, ಕಾಳಪ್ಪನ ಅಂಗಡಿಗೆ ಹೋಗಿ ಬರಾಣ" ಅಂದರು.

ಕಾಳಪ್ಪನದು ಕಟಿಂಗ್ ಶಾಪ್. ಮಾಸಪತ್ರಿಕೆಯನ್ನು ಜನ ಓದುವುದು ಮನೆಯಲ್ಲಲ್ಲ, ಕ್ಷೌರಕ್ಕೆ ಕಾಯುವಾಗ ಎಂಬುದು ಮೇಷ್ಟ್ರ ನಂಬಿಕೆ. ಅಲ್ಲಿ ಪುಟ ಮಗುಚುವ ಕೈ ಯಾವ ಪುಟದ ಮೇಲೆ ನಿಲ್ಲುತ್ತದೋ ಆ ಪುಟ ಪಾಸು.

ಮಾಸಪತ್ರಿಕೆಯನ್ನು ಅಲ್ಲಿನ ಪುಸ್ತಕಗಳ ಜೊತೆ ಇಟ್ಟು ಇಬ್ಬರೂ ಮೂಲೆಯ ಬೆಂಚಿನಲ್ಲಿ ಕೂತರು.

ಮೊದಲು ಪುಸ್ತಕ ತೆಗೆದುಕೊಂಡವನು ಒಬ್ಬ ಲಾರಿ ಡ್ರೈವರ್. ಪುಟ ಮಗುಚುತ್ತ ಬಂದ ಕೈ ಪರಸುವಿನ ಮುಖದ ಮೇಲೆ ನಿಂತಿತು.

ಡ್ರೈವರ್ ಲೊಚಗುಟ್ಟಿದ. "ಪಾಪ, ಎಷ್ಟು ಸಣ್ಣ ವಯಸ್ಸು." ಪುಟ ಮಗುಚಿದ.

ಆಮೇಲೆ ಬಂದ ಮುದುಕರೊಬ್ಬರು ಆ ಪುಟಕ್ಕೆ ಕೈ ಮುಗಿದು, ಕಣ್ಣಿಗೊತ್ತಿಕೊಂಡು ಮುಂದಿನ ಪುಟಕ್ಕೆ ಹೋದರು.

ಮೂರನೆಯವನು ಪಕ್ಕದವನನ್ನು ಕೇಳಿದ. "ಇದು ಶ್ರದ್ಧಾಂಜಲಿನಾ, ವರ್ಷದ ತಿಥಿದಾ?"

ಕೊಟ್ರೇಶಿಗೆ ತಡೆಯಲಾಗಲಿಲ್ಲ. ಎದ್ದು ನಿಂತ. "ಅದು ಹಾಡಿನ ಜಾಹೀರಾತು!"

ಆ ಮನುಷ್ಯ ಗಾಬರಿಯಿಂದ ಪುಟವನ್ನು ಮತ್ತೆ ನೋಡಿದ. ಮೇಲಿಂದ ಕೆಳಗೆ ಹುಡುಕಿದ. "ಹಾಡಾ? ಎಲ್ಲೈತಪ್ಪ ಹಾಡು?"

ಮನೆ ಹತ್ತಿರ ಬಂದಾಗ ಕೊಟ್ರೇಶಿ ಅಂದ, "ಜನಕ್ಕೆ ಕಣ್ಣಿಲ್ಲ ಮೇಷ್ಟ್ರೇ."

"ಕಣ್ಣೈತೆ. ನೀನು ಬರ್ದಿದ್ದನ್ನೇ ಓದಿದ್ರು."

ಕೊಟ್ರೇಶಿ ಸಿಟ್ಟಿನಲ್ಲಿ ಇನ್ನೊಂದು ಬರೆದ. ಮುಖ ಇಲ್ಲ, ಕಪ್ಪು ಪಟ್ಟಿ ಇಲ್ಲ. ಹಳದಿ ಬಣ್ಣದ ಪುಟ, ನಡುವೆ ಒಂದು ಗಿಟಾರು, ಒಂದು ಮೈಕು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗೈತೆ. ಮೈಕ್ ಸೆಟ್ ಬಾಡಿಗೆಗೆ ಕೊಡೋರಿಗೆ ತೋರ್ಸು, ಖುಷಿ ಪಡ್ತಾರೆ."

"ಮತ್ತೆ ಏನು ಬರೀಲಿ ಮೇಷ್ಟ್ರೇ? ಅವನಿದ್ರೆ ಸಾವು ಅಂತೀರಿ, ಅವನಿಲ್ದಿದ್ರೆ ಮೈಕ್ ಸೆಟ್ ಅಂತೀರಿ!"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಐದನೇ ಹಾಡು ಮುಗಿದ ಮೇಲೆ ಏನಾಗುತ್ತೆ ಹೇಳು."

"ಆರನೇ ಹಾಡು ಶುರುವಾಗುತ್ತೆ."

"ಅದ್ರ ಮೊದ್ಲು?"

ಕೊಟ್ರೇಶಿ ಹಳದಿ ಹಾಳೆಯನ್ನು ಸುತ್ತತೊಡಗಿದ.

"ನಾನು ಮೂರು ಸಲ ಕೇಳಿದೆ" ಅಂದರು ಮೇಷ್ಟ್ರು. "ಮೂರನೇ ಸಲ ಕೇಳೋವಾಗ ನನಗೂ ತಡ್ಕಳಾಕ್ಕೆ ಆಗ್ಲಿಲ್ಲ. ನೀನು ಎಷ್ಟು ಸಲ ಕೇಳಿದೆ?"



"ಕೇಳಿಲ್ಲ" ಅಂದ ಕೊಟ್ರೇಶಿ. "ಪೆನ್ ಡ್ರೈವ್ ಹಾಕಾಕ್ಕೇ ಆಗ್ಲಿಲ್ಲ ಮೇಷ್ಟ್ರೇ. ಕೇಳ್ದೆ ಇದ್ರೆ ಅವನ್ದು ಇನ್ನೂ ಏಳು ಹಾಡು ನನಗೆ ಬಾಕಿ ಐತೆ. ಕೇಳಿ ಮುಗೀತು ಅಂದ್ರೆ ಅವನೂ ಮುಗ್ದ. ಆಮೇಲೆ ನನಗೆ ಏನು ಉಳೀತದೆ?"

ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಪರಸು ಹೋದ ದಿನವೂ ಅಳದವನು ಅಂದು ಅತ್ತ.

ಮೇಷ್ಟ್ರು ಅವನನ್ನು ಸಮಾಧಾನ ಮಾಡಲಿಲ್ಲ. ಒಂದು ಚೊಂಬು ನೀರು ತಂದಿಟ್ಟರು. ಅಳು ನಿಂತ ಮೇಲೆ ಕೇಳಿದರು, "ನಾಕು ಜನ ಕೇಳ್ಬೇಕು ಅಂದಿದ್ನಲ್ಲ ಅವನು. ಆ ನಾಕರಲ್ಲಿ ನೀನಿಲ್ವೇನೋ?"



ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಮೇಷ್ಟ್ರು ಸ್ಪೀಕರ್ ಡಬ್ಬಿಯನ್ನು ಜಗಲಿಗೆ ತಂದು ಪೆನ್ ಡ್ರೈವ್ ಸಿಕ್ಕಿಸಿದರು. ಇಬ್ಬರೂ ಹೊಳೆಯ ಕಡೆ ಮುಖ ಮಾಡಿ ಕೂತರು.

ಮೊದಲ ಹಾಡು ಶುರುವಾದಾಗ ಕೊಟ್ರೇಶಿ ಕಂಬ ಹಿಡಿದುಕೊಂಡ. ಅದು ಪರಸುವಿನ ದನಿಯೇ, ಮೇಲಿನ ಸ್ವರದಲ್ಲಿ ಸ್ವಲ್ಪ ಒರಟಾಗುವ ಅದೇ ದನಿ. ಎರಡನೆಯದು, ಮೂರನೆಯದು, ನಾಲ್ಕನೆಯದು.

ಐದನೇ ಹಾಡು ಮುಗಿಯಿತು. ಕುರ್ಚಿ ಎಳೆದ ಸದ್ದು. ಯಾರೋ ಎದ್ದು ನಡೆದ ಸದ್ದು. ಆಮೇಲೆ ಪರಸು ನಕ್ಕು ಹೇಳಿದ.

"ಕೊಟ್ರ, ಬಾಗ್ಲು ಹಾಕ್ಬ್ಯಾಡಲೇ, ಸೆಕೆ. ಹೊರಗಿನೋರೂ ಕೇಳ್ಲಿ ಬಿಡು."

ಕೊಟ್ರೇಶಿಗೆ ಎಲ್ಲವೂ ನೆನಪಾಯಿತು. ರೆಕಾರ್ಡಿಂಗ್ ನಡೆದದ್ದು ಹೊಳೆಯಾಚೆಯ ಹಳೇ ಗೋದಾಮಿನಲ್ಲಿ. ಕೊಟ್ರೇಶಿ ಅಲ್ಲಿಗೆ ಹೋಗಿದ್ದು ಒಂದೇ ಸಲ, ಐದನೇ ಹಾಡು ಮುಗಿಯುವ ಹೊತ್ತಿಗೆ. ಒಳಗೆಲ್ಲ ಜಮಖಾನೆ ಹಾಸಿದ್ದರಿಂದ ಎಲ್ಲರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಿದ್ದರು. ಹೊರಗೆ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಗದ್ದಲ ಮಾಡುತ್ತಿದ್ದಾರೆಂದು ಕೊಟ್ರೇಶಿ ಬಾಗಿಲು ಹಾಕಲು ಎದ್ದಿದ್ದ. ಆ ಮಾತನ್ನು ತಂಡದವರು ಅಳಿಸದೆ ಹಾಗೇ ಬಿಟ್ಟಿದ್ದರು.

ಏಳನೇ ಹಾಡು ಮುಗಿದಾಗ ಅವನು ಕಣ್ಣೊರೆಸಿಕೊಂಡ. "ಮುಗೀತು ಮೇಷ್ಟ್ರೇ."

"ಇನ್ನೂ ಎರಡು ಸಲ ಐತೆ" ಅಂದರು ಮೇಷ್ಟ್ರು.

ಮೊದಲ ಸಲ ಅವನಿಗೆ ಹಾಡು ಕೇಳಿಸಿರಲಿಲ್ಲ, ಬರೀ ಪರಸು ಕೇಳಿಸಿದ್ದ. ಎರಡನೇ ಸಲ ಐದನೇ ಹಾಡಿನ ತನಕ ಆ ಒಂದು ಮಾತಿಗಾಗಿ ಕಾದ. ಮೂರನೇ ಸಲ ಹಾಡುಗಳು ಕೇಳಿಸಿದವು. ಚೆನ್ನಾಗಿದ್ದವು. ಪರಸು ಇಷ್ಟು ಚೆನ್ನಾಗಿ ಹಾಡುತ್ತಾನೆಂದು ಕೊಟ್ರೇಶಿಗೇ ಗೊತ್ತಿರಲಿಲ್ಲ. ಇದನ್ನು ಪರಸುವಿಗೆ ಹೇಳಬೇಕು ಅನ್ನಿಸಿತು.

ಗುರುವಾರ ಬೆಳಿಗ್ಗೆ ಅವನು ಮೂರನೇ ಪುಟ ಬರೆದ.

ಬಿಳೀ ಪುಟ. ಗೋದಾಮಿನ ಹಳೇ ಮರದ ಬಾಗಿಲು, ಅರ್ಧ ತೆರೆದದ್ದು. ಒಳಗಿನ ಬೆಳಕು ಹೊಸ್ತಿಲು ದಾಟಿ ಹೊರಗೆ ಬಿದ್ದಿದೆ. ಬೆಳಕಿನಲ್ಲಿ ಏಳು ಹಾಡುಗಳ ಹೆಸರು. ಮೇಲೆ ದಪ್ಪಕ್ಷರದಲ್ಲಿ ಹೊಳೆಸಾಲು, ಇಳಿಹೊತ್ತು. ಕೆಳಗೆ ನಾಲ್ವರ ಹೆಸರು, ಎಲ್ಲ ಒಂದೇ ಅಳತೆಯಲ್ಲಿ. ವರ್ಷಗಳಿಲ್ಲ. ಬಾಗಿಲ ಪಕ್ಕ ಒಂದೇ ಸಾಲು: ಹೊರಗಿನವರೂ ಕೇಳಲಿ.

ಹೊಸ್ತಿಲ ಹೊರಗೆ ಮೂರು ಜೊತೆ ಚಪ್ಪಲಿ.

ಮೇಷ್ಟ್ರು ಹಾಳೆಯನ್ನು ಗೋಡೆಗೆ ಆನಿಸಿ ನಿಲ್ಲಿಸಿದರು. ಹಿಂದೆ ಸರಿದು ನೋಡಿದರು. ಬಹಳ ಹೊತ್ತು ನೋಡಿದರು.

"ಇದಕ್ಕೆ ಕಾಳಪ್ಪನ ಅಂಗಡಿ ಬ್ಯಾಡ" ಅಂದರು.

ಕೊಟ್ರೇಶಿಗೆ ಸ್ವಲ್ಪ ಜೀವ ಬಂದಂತಾಯಿತು.

"ಆದ್ರೆ ಒಳಗೆ ಎಷ್ಟು ಜನ ಅದಾರೆ?"

"ತಂಡದೋರು ಮೇಷ್ಟ್ರೇ."

"ಚಪ್ಪಲಿ ಮೂರೇ ಜೊತೆ ಅದಾವಲ್ಲ."

"ಮೂರೇ ಜನ ಅಲ್ವಾ ಉಳ್ದಿರೋದು."

"ಮತ್ತೆ ಹಾಡ್ತಿರೋನು ಯಾರು?"



ಮೇಷ್ಟ್ರು ಒಳಗೆ ಹೋದರು. ಕೊಟ್ರೇಶಿಯ ಮಂಚದ ಕೆಳಗೆ ಬಗ್ಗಿದಾಗ ಅವರು ಸೊಂಟ ಹಿಡಿದುಕೊಂಡು ನರಳಿದ್ದು ಹೊರಗೆ ಕೇಳಿಸಿತು. ಬರುವಾಗ ಕೈಯಲ್ಲಿ ಪರಸುವಿನ ಚಪ್ಪಲಿ ಇತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಅದರ ಧೂಳು ಒರೆಸಿದರು. ಶಿಷ್ಯನ ಗೆಳೆಯ ಮೆಟ್ಟಿದ ಚಪ್ಪಲಿ ಮುಟ್ಟಲು ಅವರಿಗೆ ಸಂಕೋಚವಿರಲಿಲ್ಲ.

ಅದನ್ನು ತಮ್ಮ ಮನೆಯ ಹೊಸ್ತಿಲ ಹೊರಗೆ, ತಮ್ಮ ಚಪ್ಪಲಿಯ ಪಕ್ಕದಲ್ಲಿ ಬಿಟ್ಟರು. ಭಾನುವಾರಗಳಲ್ಲಿ ಅದು ಇರುತ್ತಿದ್ದದ್ದು ಅಲ್ಲೇ.

"ನೋಡ್ಕಂಡು ಬರಿ" ಅಂದರು.

ಕೊಟ್ರೇಶಿ ಹಾಳೆ ತೊಡೆಯ ಮೇಲಿಟ್ಟುಕೊಂಡು ಕೂತ. ಬಲಗಾಲಿನದು ಬರೆದ. ಎಡಗಾಲಿನದರ ಪಟ್ಟಿಗೆ ಬಂದಾಗ, ಆ ಕೆಂಪು ದಾರದ ಹತ್ತಿರ ಕೈ ನಿಂತಿತು.

"ಇದ್ನ ನೋಡಿದೋರು ಅವನು ಒಳಗದಾನೆ ಅನ್ಕಂತಾರೆ ಮೇಷ್ಟ್ರೇ" ಅಂದ. "ಸುಳ್ಳಾಗಲ್ವಾ?"

ಮೇಷ್ಟ್ರು ಹೊಳೆಯ ಕಡೆ ನೋಡುತ್ತಿದ್ದರು. ಅವರ ಕಣ್ಣಲ್ಲೂ ನೀರಿತ್ತು.

"ಹಾಡು ಮುಗಿಯೋ ತನಕ ಯಾರೂ ಎದ್ದು ಚಪ್ಪಲಿ ಮೆಟ್ಕಳಲ್ಲ ಕಣಪ್ಪ. ಬರಿ."